ರೂಪಾಂತರ, ರಕ್ತಪರೀಕ್ಷೆ ಮತ್ತು ಮನುಷ್ಯನ ಗುರುತು: ಕ್ಯಾಂಬೆಲ್ಲನ ಒಂದು ವೈಜ್ಞಾನಿಕ ಕಥನ

ಅಮೆರಿಕದ ಜಾನ್ ಡಬ್ಲ್ಯೂ. ಕ್ಯಾಂಬೆಲ್ (1910-1971) ಡಾನ್ ಎ. ಸ್ಟುವರ್ಟ್ ಎಂಬ ಗುಪ್ತನಾಮದಲ್ಲಿ ಬರೆದ ‘ಹೂ ಗೋಸ್ ದೇರ್?’ ಎಂಬ ಕಿರುಕಾದಂಬರಿ 1938ರ ಆಗಸ್ಟ್ ತಿಂಗಳ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದರ ವಿಸ್ತೃತ ಹಸ್ತಪ್ರತಿಯು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲೇಖಕನ ಕಾಗದಪತ್ರಗಳ ನಡುವೆ ದೊರೆತು, ‘ಫ್ರೋಜನ್ ಹೆಲ್’ ಎಂಬ ಕಾದಂಬರಿಯಾಗಿ 2019ರಲ್ಲಿ ಅಚ್ಚಾಗಿದೆ. ಅಂಟಾರ್ಕ್ಟಿಕದ ಮಂಜಿನಡಿ ಅನ್ಯಜೀವಿ ಪತ್ತೆಯಾಗುವ ವೃತ್ತಾಂತ ಅಲ್ಲಿ ಸಾವಧಾನವಾಗಿ ಬೆಳೆಯುತ್ತದೆ. 1938ರ ಪಾಠದಲ್ಲಾದರೋ ಅದು ಶಿಬಿರದಲ್ಲಿ ನೆರೆದವರ ಮುಂದಿನ ವರದಿಯಾಗಿ ಕುಗ್ಗಿದೆ. ಈ ಸಂಕ್ಷೇಪ ಕೃತಿಗೆ ಉಪಕಾರವನ್ನೇ ಮಾಡಿದೆ. ಇಲ್ಲಿನ ಭಯದ ನೆಲೆ ಮಂಜಲ್ಲ, ಪಕ್ಕದಲ್ಲಿ ಕುಳಿತ ಸಹೋದ್ಯೋಗಿ.

ಅನ್ಯಜೀವಿಯು ತಾನು ನುಂಗಿದವನ ದೇಹವನ್ನಷ್ಟೇ ಅಲ್ಲದೆ ನೆನಪು, ಮಾತು, ನಡವಳಿಕೆಗಳನ್ನೂ ಅನುಕರಿಸುತ್ತದೆ. ಹೀಗಾಗಿ ಪ್ರಶ್ನೋತ್ತರದಿಂದ ಸತ್ಯ ತಿಳಿಯದು. ಕೊನೆಗೆ ಮೆಕ್‌ರೆಡಿ ಕಂಡುಕೊಳ್ಳುವ ಉಪಾಯ ರಕ್ತಪರೀಕ್ಷೆ. ಆ ಜೀವಿಯ ಪ್ರತಿಯೊಂದು ಅಂಶವೂ ಸ್ವತಂತ್ರ ಜೀವಿಯಾದ್ದರಿಂದ, ಕಾದ ತಂತಿ ತಾಗಿದರೆ ಅದರ ನೆತ್ತರು ಪ್ರಾಣಭಯದಿಂದ ಹಿಂಜರಿಯುತ್ತದೆ. ಮನುಷ್ಯನ ನೆತ್ತರು ಸುಮ್ಮನೆ ಸುಡುತ್ತದೆ. ಬದುಕಲು ಹವಣಿಸುವುದೇ ಇಲ್ಲಿ ಅಪರಾಧದ ಸಾಕ್ಷ್ಯ!

ನಳೋಪಾಖ್ಯಾನದ ಸ್ವಯಂವರ ಸನ್ನಿವೇಶವನ್ನು ಇದರ ಪಕ್ಕದಲ್ಲಿರಿಸಿ ನೋಡಬಹುದು. ನಳನ ರೂಪ ತಾಳಿದ ನಾಲ್ವರು ದೇವತೆಗಳ ನಡುವೆ ದಮಯಂತಿ ನಿಜವಾದ ನಳನನ್ನು ಗುರುತಿಸುವುದು ಬೆವರು, ನೆರಳು, ಧೂಳು, ಬಾಡಿದ ಹೂಮಾಲೆ, ಮಿಟುಕುವ ಕಣ್ಣುಗಳಿಂದ. ಎರಡೂ ಕಡೆ ಮನುಷ್ಯನು ತನ್ನ ಕೊರತೆಯಿಂದಲೇ ಗುರುತಿಗೆ ಸಿಗುತ್ತಾನೆ. ಆದರೆ ದಮಯಂತಿಯ ಸತ್ಯಪ್ರಾರ್ಥನೆಗೆ ಮಣಿದು ದೇವತೆಗಳು ತಾವಾಗಿಯೇ ಲಕ್ಷಣಗಳನ್ನು ತೋರುತ್ತಾರೆ. ಕ್ಯಾಂಬೆಲ್ಲನಲ್ಲಿ ಅದನ್ನು ಸುಟ್ಟು ಹೊರಡಿಸಬೇಕಾಗುತ್ತದೆ. ಅಲ್ಲಿ ಅರಿವಿನ ಹಿಂದೆ ಪ್ರೀತಿಯಿದೆ, ಇಲ್ಲಿ ಶಂಕೆಯಿದೆ.

ಕೃತಿಯ ನೈತಿಕ ದೌರ್ಬಲ್ಯ ಪ್ರಕಟವಾಗುವುದು ಅಡುಗೆಯವನಾದ ಕಿನ್ನರನ ಪ್ರಸಂಗದಲ್ಲಿ. (ಹೆಸರಿಗೂ ನಮ್ಮ ಕಿನ್ನರರಿಗೂ ಸಂಬಂಧವಿಲ್ಲ.) ಅವನ ನಿರಂತರ ಪ್ರಾರ್ಥನಾಗೀತೆಯಿಂದ ಶಿಬಿರದವರ ಸಹನೆ ಕೆಡುತ್ತದೆ, ಅವನ ಕೊಲೆಯಾಗುತ್ತದೆ. ಅನಂತರ ಸತ್ತವನು ಮನುಷ್ಯನೇ ಆಗಿರಲಿಲ್ಲವೆಂದು ಸಿದ್ಧವಾಗುತ್ತದೆ. ಭೀತಿಗೊಂಡ ಸಮೂಹವು ನಿರಪರಾಧಿಯನ್ನು ಕೊಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಕಥನವೇ ಎಬ್ಬಿಸಿ, ಉತ್ತರಿಸುವ ಹೊಣೆಯಿಂದ ನುಣುಚಿಕೊಳ್ಳುತ್ತದೆ. ಕೊಂದವರ ಊಹೆ ಆಕಸ್ಮಿಕವಾಗಿ ಸರಿಯಾದದ್ದು ಕೊಲೆಗೆ ಸಮರ್ಥನೆಯಾಗಲಾರದು. ನೆತ್ತರನ್ನು ನೋಡಿ ಮನುಷ್ಯತ್ವ ನಿರ್ಣಯಿಸುವ ಕಥನ 1938ರದೆಂಬುದನ್ನೂ, ಜನಾಂಗಗಳ ಕುರಿತ ಕ್ಯಾಂಬೆಲ್ಲನ ಮುಂದಿನ ಬರಹಗಳು ತೀವ್ರ ಆಕ್ಷೇಪಕ್ಕೆ ಒಳಗಾದುದನ್ನೂ ವಿಮರ್ಶೆ ಮರೆಯುವಂತಿಲ್ಲ. ಆದರೂ ಕೃತಿಯನ್ನು ಆ ಅಭಿಪ್ರಾಯಗಳ ದೃಷ್ಟಾಂತವಾಗಿಯಷ್ಟೇ ಓದುವುದು ಅದಕ್ಕೆ ಮಾಡುವ ಅನ್ಯಾಯ. ಪರೀಕ್ಷೆಗೆ ಸಾಲುಗಟ್ಟಿ ನಿಂತವರ ಮುಖಗಳಲ್ಲಿನ ತಲ್ಲಣ ಸಿದ್ಧಾಂತವನ್ನು ಮೀರಿದ್ದು.

1951ರ ಚಲನಚಿತ್ರ ರೂಪಾಂತರದ ಅಂಶವನ್ನೇ ಕೈಬಿಟ್ಟಿತು. ಜಾನ್ ಕಾರ್ಪೆಂಟರ್ 1982ರಲ್ಲಿ ನಿರ್ದೇಶಿಸಿದ ‘ದ ಥಿಂಗ್’ ಅದನ್ನೂ ಕಾದ ತಂತಿಯನ್ನೂ ಮರಳಿ ತಂದಿತು. ಕಾದಂಬರಿಯಲ್ಲಿ ಅನ್ಯಜೀವಿ ನಾಶವಾಗಿ ಸಂಶಯ ಪರಿಹಾರವಾದರೆ, ಚಿತ್ರದಲ್ಲಿ ಉರಿಯುವ ಶಿಬಿರದೆದುರು ಇಬ್ಬರೇ ಉಳಿಯುತ್ತಾರೆ; ಪರೀಕ್ಷಿಸಿಕೊಳ್ಳುವ ಸಾಧನವಾಗಲಿ ಶಕ್ತಿಯಾಗಲಿ ಅವರಲ್ಲಿ ಉಳಿದಿರುವುದಿಲ್ಲ.