ಅಗಲ ಅಲೆಗಳ ನಡುವೆ ಒಂದು ಕಿರಿದು

ಇಸಿಜಿ ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ; ಅದರ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು. ಹೃತ್ಕುಕ್ಷಿಗಳ ಬಡಿತ ತೋರಿಸುವ ಕ್ಯೂಆರ್‌ಎಸ್ ಅಲೆ ಮೂರು ಚೌಕ ಮೀರಿ ಅಗಲವಾಗಿ, ಬಡಿತವೂ ನಿಮಿಷಕ್ಕೆ ನೂರು ದಾಟಿತೋ, ಓದುವವರಿಗೆ ಪರೀಕ್ಷೆ ಶುರು. ಇದು ಹೃತ್ಕುಕ್ಷಿಯಲ್ಲೇ ಹುಟ್ಟಿದ ವಿಟಿಯೋ (ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ), ಮೇಲಿನಿಂದ ಹೊರಟು ದಾರಿಯಲ್ಲಿ ತಡೆದು ಬಂದದ್ದೋ?

ನನಗೆ ಬಲು ಇಷ್ಟದ ಸುಳಿವು ಕ್ಯಾಪ್ಚರ್ ಬೀಟ್. ವಿಟಿಯಲ್ಲಿ ಹೃತ್ಕುಕ್ಷಿಗಳು ಓಡುತ್ತಿದ್ದರೂ ಮೇಲಿನ ಹೃತ್ಕರ್ಣಗಳು ಎಷ್ಟೋ ಸಲ ತಮ್ಮ ನಿಧಾನದ ಲಯ ಬಿಟ್ಟಿರುವುದಿಲ್ಲ. ಅವುಗಳ ಪುಟ್ಟ ಪಿ ಅಲೆಗಳು ಜಾತ್ರೆಯ ಗದ್ದಲದಲ್ಲಿ ಗುರುತಿನ ಮುಖದಂತೆ ಅಲ್ಲೊಮ್ಮೆ ಇಲ್ಲೊಮ್ಮೆ ಇಣುಕುತ್ತವೆ. ಅಪರೂಪಕ್ಕೆ ಅಂಥದೊಂದು ಸಂಕೇತ ಸರಿಯಾದ ಗಳಿಗೆಗೆ ಕೆಳಗಿಳಿದರೆ, ಅಗಲ ಅಲೆಗಳ ಸಾಲಿನಲ್ಲಿ ಸಹಜವಾದ ಕಿರಿದಾದ ಅಲೆಯೊಂದು ಮೂಡುತ್ತದೆ; ಅದೇ ಕ್ಯಾಪ್ಚರ್ ಬೀಟ್. ಮೇಲಿನ ಸಂಕೇತವೂ ಹೃತ್ಕುಕ್ಷಿಯ ಸಂಕೇತವೂ ಒಟ್ಟಿಗೆ ಬಂದು ಸೇರಿದರೆ ಹುಟ್ಟುವುದು ಎರಡರ ಹೋಲಿಕೆಯೂ ಇರುವ ಬೆರಕೆ ಅಲೆ, ಫ್ಯೂಷನ್ ಬೀಟ್. 1952ರಲ್ಲಿ ವಿಲಿಯಂ ಡ್ರೆಸ್ಲರ್ ಮತ್ತು ಹ್ಯೂಗೊ ರೋಸ್ಲರ್ ಇಂಥ ಅಲೆಗಳ ಮಹತ್ವವನ್ನು ಬರೆದರು. ಒಂದೇ ಒಂದು ಅಲೆ ಸಿಕ್ಕರೂ ವಿಟಿ ಬಹುತೇಕ ಖಚಿತ. ಇಷ್ಟು ಕಡಿಮೆ ಸಾಕ್ಷ್ಯ, ಇಷ್ಟು ಗಟ್ಟಿ ತೀರ್ಪು!

1991ರಲ್ಲಿ ಪೆಡ್ರೊ ಬ್ರುಗಾಡ ಮತ್ತು ಸಂಗಡಿಗರು ವಿಟಿ ಗುರುತಿಸಲು ಕೊಟ್ಟ ನಾಲ್ಕು ಹಂತಗಳ ಕ್ರಮವೂ ಉಪಯುಕ್ತವೇ. ಆದರೆ ಅದಕ್ಕೆ ಲೆಕ್ಕ ಬೇಕು, ಕ್ಯಾಪ್ಚರ್ ಬೀಟಿಗೆ ಕಣ್ಣು ಸಾಕು.

ಯಾವ ಸುಳಿವೂ ಸಿಗದಿದ್ದರೆ ವಿಟಿ ಎಂದೇ ಹಿಡಿಯುವುದು ರೂಢಿ. ವಿಟಿಯನ್ನು ಬೇರೇನೋ ಎಂದುಕೊಂಡು ವೆರಾಪಮಿಲ್ ಔಷಧ ಚುಚ್ಚಿದರೆ ರಕ್ತದೊತ್ತಡ ಕುಸಿದು ರೋಗಿಯ ಜೀವಕ್ಕೇ ಸಂಚಕಾರ ಬರಬಹುದು.