ಒಂದೇ ತಂತಿಯ ದೀಪ

ಮಧ್ಯಾಹ್ನದ ಕೆಲಸ ಮುಗಿಸಿ ಪದಬಂಧ ಹಿಡಿದು ಕೂರುತ್ತಿದ್ದ ನಮ್ಮಂಥವರ ಕೈಗೆ ಈಗ ಮೊಬೈಲು ಬಂದಿದೆ. ಅದರೊಳಗೆ ಬಗೆಬಗೆಯ ಒಗಟಿನಾಟಗಳೂ ಬಂದಿವೆ. ಅವುಗಳಲ್ಲಿ ನನಗೆ ಹಿಡಿಸಿದ್ದು ಬಿಲ್ಲೆ ತಿರುಗಿಸಿ ತಂತಿ ಕೂಡಿಸುವ ಆಟ. ಇಂಗ್ಲೆಂಡಿನ ಸೈಮನ್ ಟ್ಯಾಥಮ್ ಎಂಬುವರು 2004ರಿಂದ ಕಟ್ಟುತ್ತ ಬಂದಿರುವ ಒಗಟುಗಳ ಸಂಗ್ರಹದಲ್ಲಿ ಇದು 'ನೆಟ್' ಎಂಬ ಹೆಸರಿನಲ್ಲಿದೆ. ಕಾಸು ಕೊಡಬೇಕಾಗಿಲ್ಲ.

ಸಾಲಿಗೆ ಐದರಂತೆ ಐದು ಸಾಲು, ಒಟ್ಟು 25 ಚೌಕ ಬಿಲ್ಲೆಗಳು. ಒಂದೊಂದರ ಮೇಲೂ ತಂತಿಯ ತುಂಡು: ಕೆಲವು ನೇರ, ಕೆಲವು ಮೊಣಕೈಯಂತೆ ಬಾಗಿದವು, ಕೆಲವು ಮೂರು ದಾರಿಯವು, ಕೆಲವು ಒಂದೇ ತುದಿಯವು. ಬಿಲ್ಲೆಯನ್ನು ಇದ್ದಲ್ಲೇ ತಿರುಗಿಸಬಹುದು, ಜಾಗ ಬದಲಿಸುವಂತಿಲ್ಲ. ನಡುವಿನ ಬಿಲ್ಲೆಯಿಂದ ಹೊರಟ ತಂತಿ ಉಳಿದ 24ಕ್ಕೂ ಮುಟ್ಟಬೇಕು. ಎಲ್ಲಿಯೂ ಸುತ್ತಿ ಬಂದು ತನ್ನನ್ನೇ ಕೂಡಬಾರದು. ನಡುವಿನದಕ್ಕೆ ಸೇರಿದ ಬಿಲ್ಲೆಗಳು ಬಣ್ಣದಿಂದ ಬೆಳಗುತ್ತವೆ.

ಸುಮ್ಮನೆ ತಿರುಗಿಸುತ್ತ ಹೋದರೆ ಮುಗಿಯದು. ಪ್ರತಿ ಬಿಲ್ಲೆಗೂ ನಾಲ್ಕು ದಿಕ್ಕೆಂದು ಲೆಕ್ಕ ಹಾಕಿದರೆ ಜೋಡಣೆಗಳು 11 ಕೋಟಿ ಕೋಟಿ ದಾಟುತ್ತವೆ. ಆದ್ದರಿಂದ ಅಂಚಿನಿಂದ ಯೋಚಿಸಬೇಕು. ಮೂಲೆಯ ಮೊಣಕೈಗೆ ಒಂದೇ ದಿಕ್ಕು. ಮೂರು ದಾರಿಯದು ಅಂಚಿನಲ್ಲಿದ್ದರೆ ಅದರ ಬೆನ್ನು ಗೋಡೆಗೇ ಇರಬೇಕು. ಒಂದೇ ತುದಿಯ ಎರಡು ಬಿಲ್ಲೆಗಳು ಮುಖಾಮುಖಿಯಾಗುವಂತಿಲ್ಲ. ಆದರೆ ಅವೆರಡೇ ಬೇರೆ ಸಂಸಾರ ಹೂಡಿದಂತೆ! ಹೀಗೆ 'ಇದು ಆಗದು, ಅದು ಆಗದು' ಎನ್ನುತ್ತ ಆಗುವುದನ್ನು ಹಿಡಿಯುವುದು ಒಳ್ಳೆಯ ಅಭ್ಯಾಸ. ಆದರೆ ಆ ಬಣ್ಣದ ಬೆಳಕನ್ನು ನಂಬಬೇಡಿ. ಬಿಲ್ಲೆ ಬೆಳಗಿದರೆ ನಡುವಿಗೆ ಸೇರಿದೆ ಎಂದಷ್ಟೇ ಅರ್ಥ, ಸರಿಯಾಗಿ ಕೂತಿದೆ ಎಂದಲ್ಲ.

ನನ್ನ ತಕರಾರು ಬೇರೆ. ಇದೇ ಬಗೆಯ ಕೆಲವು ಆಟಗಳಲ್ಲಿ ನಡುವೆ ಬ್ಯಾಟರಿ, ತುದಿಗಳಲ್ಲಿ ಬಲ್ಬು ಬರೆದು ವಿದ್ಯುನ್ಮಂಡಲ ಎನ್ನುತ್ತಾರೆ. ಮಂಡಲವೆಂದರೆ ಸುತ್ತು. ಹೋದ ಕರೆಂಟು ಮರಳಿ ಬರುವ ದಾರಿ ಇದ್ದರೆ ಮಾತ್ರ ದೀಪ ಹತ್ತೀತು ಎಂದು ತರಗತಿಯಲ್ಲಿ ನಾವು ಕಲಿಸುತ್ತೇವೆ. ಆಟದಲ್ಲಿ ಸುತ್ತು ಕೂಡಿದರೇ ತಪ್ಪು! ನಮ್ಮ ಶಾಲೆಯ ಹುಡುಗಿಯೊಬ್ಬಳು ಸೆಲ್ಲಿನಿಂದ ಬಲ್ಬಿಗೆ ಒಂದೇ ಗೆರೆ ಎಳೆದಿದ್ದಳು. "ವಾಪಸು ದಾರಿ ಎಲ್ಲಮ್ಮ?" ಎಂದೆ. "ಮೊಬೈಲಲ್ಲಿ ಒಂದೇ ತಂತಿಗೆ ಹತ್ತುತ್ತಲ್ಲ, ಮಿಸ್" ಎಂದಳು. ಹೋಲ್ಡರಿನಲ್ಲಿ ಸಿಕ್ಕಿಸಿದ ಟಾರ್ಚ್ ಬಲ್ಬು, ಸೆಲ್ಲು, ಒಂದು ತಂತಿ ಕೈಗಿತ್ತೆ. ಹತ್ತಲಿಲ್ಲ. ಎರಡನೆಯ ತಂತಿಯನ್ನು ಕೇಳಿ ಪಡೆದವಳು ಅವಳೇ.

ಇದು ಪರೀಕ್ಷೆಯ ಅಂಕದ ಮಾತಷ್ಟೇ ಅಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕರೆಂಟಿರುವ ತಂತಿ ಮುಟ್ಟಿದರೆ ನಮ್ಮ ಮೈಯೇ ಆ ವಾಪಸು ದಾರಿಯಾಗುತ್ತದೆ, ನೆಲದ ಮೂಲಕ ಸುತ್ತು ಕೂಡುತ್ತದೆ. ಬಚ್ಚಲಲ್ಲಿ, ಬಟ್ಟೆ ಒಗೆಯುವಲ್ಲಿ, ಮಿಕ್ಸಿಯ ಮುಂದೆ ದಿನಾ ನಿಲ್ಲುವವರು ನಾವು. ಎರಡನೆಯ ದಾರಿಯ ಅರಿವು ನಮಗಲ್ಲದೆ ಇನ್ನಾರಿಗೆ ಬೇಕು?

ಹಾಗೆಂದು ಆಟವನ್ನು ಸುಳ್ಳೆನ್ನಲಾರೆ. ಸಬ್‌ಸ್ಟೇಷನ್ನಿನಿಂದ ಟ್ರಾನ್ಸ್‌ಫಾರ್ಮರಿಗೆ, ಅಲ್ಲಿಂದ ಬೀದಿಗೆ, ಬೀದಿಯಿಂದ ಮನೆಗಳಿಗೆ ಲೈನು ಸಾಮಾನ್ಯವಾಗಿ ಮರದ ಕೊಂಬೆಗಳಂತೆಯೇ ಕವಲೊಡೆಯುತ್ತದೆ. ಒಂದು ಕಡೆ ಕಡಿದರೆ ಅದರಾಚೆಯ ಮನೆಗಳೆಲ್ಲ ಕತ್ತಲು. ಆಟದ ಚಿತ್ರ ಇದಕ್ಕೆ ಒಪ್ಪುತ್ತದೆ. ಆದರೆ ಅಲ್ಲಿನ ಒಂದು ಗೆರೆಯೊಳಗೆ ಹೋಗುವ ಫೇಸೂ ಮರಳುವ ನ್ಯೂಟ್ರಲ್ಲೂ ಅಡಗಿವೆ. ಟ್ಯಾಥಮ್ ತಮ್ಮದನ್ನು ಜಾಲವೆಂದು ಕರೆದರು, ಅದು ಸರಿ. ಬಲ್ಬು ಬರೆದು ಮಂಡಲವೆಂದವರದ್ದು ತಪ್ಪು.

ಮಕ್ಕಳಿಗೆ ಈ ಆಟ ಖಂಡಿತ ಕೊಡಿ, ನೀವೂ ಆಡಿ. ಮೊಬೈಲಿನ ಪಕ್ಕದಲ್ಲಿ ಒಂದು ಸೆಲ್ಲು, ಒಂದು ಪುಟ್ಟ ಬಲ್ಬು, ಎರಡು ತಂತಿ ಇಟ್ಟುಕೊಟ್ಟರೆ ಇನ್ನೂ ಒಳ್ಳೆಯದು.