ಚಪ್ಪಾಳೆಯನ್ನೇ ಮಾರಿದ ಸಂಜೆ

ವಿಡಿಯೊ ಗೇಮ್ ಕಂಪನಿಗಳ ವಾರ್ಷಿಕ ಪ್ರದರ್ಶನಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಕೇಳಿದರೆ ಇಂದಿಗೂ ಬಹುಪಾಲು ಜನ ಬೆರಳು ತೋರುವುದು ಒಂದೇ ಸಂಜೆಯ ಕಡೆಗೆ: 2015ರ ಜೂನ್ 15, ಲಾಸ್ ಏಂಜಲೀಸಿನ ಮೆಮೋರಿಯಲ್ ಸ್ಪೋರ್ಟ್ಸ್ ಅರೀನಾ, ಇ3 ಮೇಳದ ಮುನ್ನಾದಿನ ಸೋನಿ ನಡೆಸಿದ ಕಾನ್ಫರೆನ್ಸ್. ವರ್ಷಗಳಿಂದ ಪತ್ತೆಯಿಲ್ಲದಂತಿದ್ದ 'ದಿ ಲಾಸ್ಟ್ ಗಾರ್ಡಿಯನ್' ಇನ್ನೂ ಬದುಕಿದೆಯೆಂದು ಅಂದು ತಿಳಿಯಿತು. 'ಫೈನಲ್ ಫ್ಯಾಂಟಸಿ 7' ಹೊಸದಾಗಿ ಬರುತ್ತದೆಂಬ ಘೋಷಣೆಯಾಯಿತು. ಹದಿನಾಲ್ಕು ವರ್ಷ ಅರ್ಧಕ್ಕೆ ನಿಂತಿದ್ದ 'ಶೆನ್ಮೂ' ಕತೆಗೆ ಮೂರನೆಯ ಭಾಗದ ಮಾತು ಬಂತು. ಸಭಾಂಗಣದಲ್ಲಿದ್ದವರು ಕಿರುಚಿದರು, ಮನೆಯಲ್ಲಿ ನೋಡುತ್ತಿದ್ದವರು ಅತ್ತರು, ಅಳುವುದನ್ನು ವಿಡಿಯೊ ಮಾಡಿ ಹಂಚಿಕೊಂಡರು. ಹತ್ತು ವರ್ಷ ಕಳೆದ ಮೇಲೂ ಆ ಹೊಗಳಿಕೆಯ ಬಿಸಿ ಆರಿಲ್ಲ.

ನನ್ನ ಅಭಿಪ್ರಾಯ ಬೇರೆ. ಆಟವನ್ನು ತೋರಿಸದೆ ಆಟದ ನೆನಪನ್ನು ಮಾತ್ರ ತೋರಿಸಿದರೂ ಸಾಕು, ಜನ ಅದನ್ನೇ ಹಬ್ಬವೆಂದು ಆಚರಿಸುತ್ತಾರೆ ಎಂಬ ಪಾಠವನ್ನು ಇಡೀ ಉದ್ಯಮ ಕಲಿತದ್ದು ಆ ಸಂಜೆ. ಅದಕ್ಕೆ ಸಂದ ಗೌರವ ಅದರ ಯೋಗ್ಯತೆಗಿಂತ ಬಹಳ ದೊಡ್ಡದು.

ಹಿಂದಿನ ಚರಿತ್ರೆ ಓದುಗರಿಗೆ ಗೊತ್ತಿರುವುದೇ. 1995ರ ಮೊದಲ ಇ3ಯಲ್ಲಿ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು ಪ್ಲೇಸ್ಟೇಷನ್ನಿನ ಬೆಲೆ 299 ಎಂದಷ್ಟೇ ಹೇಳಿ ಇಳಿದುಹೋದದ್ದು, 2005ರಲ್ಲಿ 'ಕಿಲ್‌ಜೋನ್' ಹೆಸರಿನಲ್ಲಿ ಓಡಿಸಿದ ದೃಶ್ಯ ಆಟದ್ದೇ ಅಲ್ಲ, ಮೊದಲೇ ತಯಾರಿಸಿಟ್ಟ ಚಿತ್ರವೆಂದು ಆಮೇಲೆ ಗೊತ್ತಾದದ್ದು, 2012ರ 'ವಾಚ್ ಡಾಗ್ಸ್' ವೇದಿಕೆಯ ಮೇಲಿದ್ದ ಚೆಲುವು 2014ರಲ್ಲಿ ಮನೆಗೆ ಬರುವಷ್ಟರಲ್ಲಿ ಮಾಸಿದ್ದು. ಕೊನೆಯ ಎರಡನ್ನು ಕಣ್ಕಟ್ಟು ಅನ್ನಿ, ಉತ್ಪ್ರೇಕ್ಷೆ ಅನ್ನಿ, ಅವು ಆಟ ಹೇಗಿರುತ್ತದೆ ಎಂಬ ಬಗ್ಗೆ ಹೇಳಿದ ಮಾತುಗಳು. ಆದ್ದರಿಂದಲೇ ಅವು ಸುಳ್ಳಾಗಲು ಸಾಧ್ಯವಿತ್ತು, ಸುಳ್ಳಾದಾಗ ಹಿಡಿದು ಕೇಳಲೂ ಸಾಧ್ಯವಿತ್ತು. 2015ರ ಸೋನಿ ಇದಕ್ಕಿಂತ ಜಾಣ ದಾರಿ ಹಿಡಿಯಿತು. ಆಟದ ಬಗ್ಗೆ ಏನನ್ನೂ ಹೇಳದಿದ್ದರೆ ಏನೂ ಸುಳ್ಳಾಗುವುದಿಲ್ಲ.

'ಫೈನಲ್ ಫ್ಯಾಂಟಸಿ 7'ರ ಪ್ರಸಂಗ ನೋಡಿ. ಮೂಲ ಆಟ 1997ರದ್ದು. 2005ರ ಇ3ಯಲ್ಲಿ ಪ್ಲೇಸ್ಟೇಷನ್ 3ರ ಬಲ ತೋರಿಸಲೆಂದು ಅದರ ಆರಂಭದ ದೃಶ್ಯವನ್ನು ಹೊಸ ರೂಪದಲ್ಲಿ ಓಡಿಸಿದ್ದರು. ಅಂದಿನಿಂದ ಅಭಿಮಾನಿಗಳು ಕಾಯುತ್ತಲೇ ಇದ್ದರು. 2014ರ ಡಿಸೆಂಬರ್‌ನಲ್ಲಿ ಸೋನಿಯದೇ ವೇದಿಕೆಯಲ್ಲಿ ಆ ಸರಣಿಯ ಹೊಣೆಗಾರ ಶಿಂಜಿ ಹಶಿಮೊಟೊ ಅದೇ ಆಟದ ಹೆಸರೆತ್ತಿದಾಗ ಜನ ಎದ್ದು ಕುಣಿದರು, ಬರುವುದು ಹಳೆಯ ಆಟದ ಪ್ರತಿ ಮಾತ್ರ ಎಂದು ತಿಳಿದಾಗ ಸಭೆಯೆಲ್ಲ ಜೋಲುಮೋರೆ ಹಾಕಿತು. ಆರು ತಿಂಗಳ ನಂತರ ಲಾಸ್ ಏಂಜಲೀಸಿನಲ್ಲಿ ಮೊದಲು ತೋರಿಸಿದ್ದು 'ವರ್ಲ್ಡ್ ಆಫ್ ಫೈನಲ್ ಫ್ಯಾಂಟಸಿ' ಎಂಬ ಪುಟ್ಟ ಮುದ್ದು ಆಟ. ಸಭೆಯ ನಿರೀಕ್ಷೆಯನ್ನು ಇಳಿಸಿ, ಆಮೇಲೆ ಪರದೆಯ ಮೇಲೆ 'ಫೈನಲ್ ಫ್ಯಾಂಟಸಿ 7'ರ ಮಿಡ್‌ಗಾರ್ ನಗರವನ್ನು ತಂದರು. ಬೀದಿಗಳು, ಮಂಕು ಬೆಳಕು, ಬೆನ್ನು ಮಾತ್ರ ಕಾಣುವ ನಾಯಕ ಕ್ಲೌಡ್, ಅವನ ಅಗಲವಾದ ಕತ್ತಿ. ಆಟ ಆಡುವ ಒಂದು ಕ್ಷಣವೂ ಇಲ್ಲ. ಕತ್ತಿಯನ್ನು ಗುರುತು ಹಿಡಿಯುವ ಕೆಲಸ ನೋಡುಗರದ್ದು, ಗುರುತು ಹಿಡಿದಾಗ ಎದ್ದ ಕೂಗೇ ಆ ದೃಶ್ಯದ ತಿರುಳು. ಗೊತ್ತಿಲ್ಲದವರಿಗೆ ಅದರಲ್ಲಿ ಏನೂ ಇರಲಿಲ್ಲ.

ಲಾಸ್ ಏಂಜಲೀಸಿನ ಸಂಜೆ ಆರು ಗಂಟೆ ನಮ್ಮಲ್ಲಿ ಮರುದಿನ ಬೆಳಗಿನ ಆರೂವರೆ. ಬೆಂಗಳೂರಿನಲ್ಲಿ ಕಾಲೇಜಿಗೋ ಆಫೀಸಿಗೋ ಹೊರಡುವ ಮುನ್ನ ಫೋನಿನಲ್ಲಿ ಇದನ್ನು ನೋಡಿದವರಿಗೆ ಸಭಾಂಗಣದ ಕೂಗು ಚಿತ್ರದ ಒಂದು ಭಾಗವೇ. ಯಾವುದಕ್ಕೆ ಎಷ್ಟು ಹಿಗ್ಗಬೇಕೆಂಬುದನ್ನು ದೂರದ ಸಾವಿರಾರು ಗಂಟಲುಗಳು ಮೊದಲೇ ತೀರ್ಮಾನಿಸಿ ಕಳಿಸಿರುತ್ತವೆ. ಆ ಅರೀನಾವನ್ನು ಅಭಿಮಾನದಿಂದ ತುಂಬಿಸಿದ್ದರ ಪರಿಣಾಮ ಅಲ್ಲಿದ್ದವರಿಗಿಂತ ಹೆಚ್ಚಾಗಿ ದೂರದಲ್ಲಿದ್ದ ನಮ್ಮಂಥವರ ಮೇಲೆ ಆಯಿತು.

ನನ್ನನ್ನು ಹೆಚ್ಚು ಕಾಡುವುದು ಶೆನ್ಮೂ ಪ್ರಸಂಗ. ಅದನ್ನು ಬಿಡಿಸಿ ನೋಡಬೇಕು.

ಸೋನಿಯ ಜಿಯೋ ಕೋರ್ಸಿ ವೇದಿಕೆಗೆ ಬಂದು, ಅಭಿಮಾನಿಗಳು ಬಹುಕಾಲದಿಂದ ಕೇಳುತ್ತಿರುವ ಆಟವೊಂದಿದೆ ಎನ್ನುತ್ತಾರೆ. ಪರದೆಯ ಮೇಲೆ ಶೆನ್ಮೂ ಲೋಕ ಮೂಡುತ್ತದೆ; ಸಭೆ ಭುಗಿಲೇಳುತ್ತದೆ. ಅದರ ಸೃಷ್ಟಿಕರ್ತ ಯೂ ಸುಜುಕಿ ಸ್ವತಃ ಬರುತ್ತಾರೆ. 1999ರಲ್ಲಿ ಡ್ರೀಮ್‌ಕಾಸ್ಟ್ ಕನ್ಸೋಲಿಗೆ ಮೊದಲ ಭಾಗ ಮಾಡಿದ, 2001ರ ಎರಡನೆಯ ಭಾಗದ ಕೊನೆಯಲ್ಲಿ ನಾಯಕನನ್ನು ಒಂದು ಗುಹೆಯಲ್ಲಿ ಬಿಟ್ಟು ನಿಲ್ಲಿಸಬೇಕಾಗಿ ಬಂದ ಮನುಷ್ಯ. ಅವರನ್ನು ಕಂಡು ಕಣ್ಣು ತುಂಬಿದವರನ್ನು ನಾನು ಹೀಗಳೆಯುವುದಿಲ್ಲ. ಆ ಪ್ರೀತಿ ನಿಜ. ಆದರೆ ಆ ಪ್ರೀತಿಯ ಎದುರು ಇಟ್ಟದ್ದು ಏನನ್ನು? ಕಿಕ್‌ಸ್ಟಾರ್ಟರಿನಲ್ಲಿ ಹಣ ಕೂಡಿಸುವ ಮನವಿಯನ್ನು. ಗುರಿ 20 ಲಕ್ಷ ಡಾಲರ್. ಶೆನ್ಮೂವಿನ ಹಣೆಬರಹ ಇನ್ನು ನಿಮ್ಮ ಕೈಯಲ್ಲಿದೆ ಎಂಬ ಭಾವದ ಮಾತು.

ಈ 20 ಲಕ್ಷದ ಅಂಕಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲ ಶೆನ್ಮೂವಿಗೆ ಸುಮಾರು 4 ಕೋಟಿ 70 ಲಕ್ಷ ಡಾಲರ್ ಖರ್ಚಾಯಿತೆಂದು ಸುಜುಕಿ ತಾವೇ 2011ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಹೇಳಿದ್ದರು. ಅದರ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಹಣದಲ್ಲಿ ಮೂರನೆಯ ಭಾಗ ಆಗುವುದಿಲ್ಲವೆಂದು ವೇದಿಕೆಯ ಮೇಲಿದ್ದವರಿಗೆಲ್ಲ ತಿಳಿದಿತ್ತು. ಹಾಗಾದರೆ ಉಳಿದ ಹಣ ಎಲ್ಲಿಂದ? ಕಾನ್ಫರೆನ್ಸ್ ಮುಗಿದ ಮೇಲೆ ಸಂದರ್ಶನವೊಂದರಲ್ಲಿ ಕೋರ್ಸಿ ಹೇಳಿದರು, ಈ ಆಟದಲ್ಲಿ ಸೋನಿಯೂ ಪಾಲುದಾರ ಎಂದು. ವೇದಿಕೆಯ ಮೇಲೆ ಆ ಮಾತಿಗೆ ಜಾಗವಿರಲಿಲ್ಲ. ಅಲ್ಲಿದ್ದ ಕತೆ ಒಂದೇ: ಯಾರೂ ನಂಬದಿದ್ದ ಒಬ್ಬ ಕಲಾವಿದ, ಅವನನ್ನು ನಂಬುವ ನೀವು. ಪಾಲುದಾರ ಕಂಪನಿ ಆ ಕತೆಯಲ್ಲಿ ಬರೀ ಜಾಗ ಕೊಟ್ಟ ಉದಾರಿಯಾಗಿ ಕಂಡಿತು.

ಎರಡು ಗಂಟೆಯೊಳಗೆ ಹತ್ತು ಲಕ್ಷ, ಒಂಬತ್ತು ಗಂಟೆಯೊಳಗೆ ಪೂರ್ತಿ 20 ಲಕ್ಷ, ಕೊನೆಗೆ 63 ಲಕ್ಷ ಡಾಲರಿಗೂ ಹೆಚ್ಚು. ಕೊಟ್ಟವರು 69 ಸಾವಿರಕ್ಕೂ ಮಿಕ್ಕಿ. ಈ ಅಂಕಿಗಳನ್ನು ಅಭಿಮಾನದ ಗೆಲುವೆಂದು ಬರೆದವರೇ ಹೆಚ್ಚು. ಪ್ರದರ್ಶನದ ತಂತ್ರವಾಗಿ ನೋಡಿದರೆ ಇದರ ಅರ್ಥ ಬೇರೆ. ಕಂಪನಿಯೊಂದು ತನ್ನ ವೇದಿಕೆಯ ಮೇಲೆ ಆಟ ತೋರಿಸುವುದು ಆಟವನ್ನು ಮಾರಲಿಕ್ಕೆ. ಇಲ್ಲಿ ಮಾರಲಿಕ್ಕೆ ಆಟವೇ ಇರಲಿಲ್ಲ. ಮಾರಿದ್ದು ಆ ಕ್ಷಣದ ಭಾಗವಾಗುವ ಹಕ್ಕನ್ನು. ಸಭೆಯ ಚಪ್ಪಾಳೆಗೆ ಬೆಲೆ ಕಟ್ಟಿ, ಹೊಡೆದವರಿಂದಲೇ ವಸೂಲು ಮಾಡಿದರು. ಮಾರುಕಟ್ಟೆಯಲ್ಲಿ ಆಸಕ್ತಿ ಎಷ್ಟಿದೆಯೆಂದು ಅಳೆಯುವ ಖರ್ಚನ್ನು ಕಂಪನಿ ಹೊರಬೇಕಿತ್ತು; ಅದನ್ನು ಆಸಕ್ತರ ಜೇಬಿನಿಂದಲೇ ತೆಗೆಸಿದರು. ಆ ಸಮಯದಲ್ಲಿ ಅವರಿಗೆ ತೋರಿಸಿದ್ದು ಅವರದೇ ನೆನಪನ್ನು.

ಆಟ ಬಂದದ್ದು 2019ರ ನವೆಂಬರ್‌ನಲ್ಲಿ. ಅಷ್ಟರಲ್ಲಿ, ಕಂಪ್ಯೂಟರ್ ಪ್ರತಿ ಸ್ಟೀಮ್ ಅಂಗಡಿಯಲ್ಲಿ ಸಿಗುತ್ತದೆಂದು ನಂಬಿ ಹಣ ಕೊಟ್ಟವರಿಗೆ ಅದು ಎಪಿಕ್ ಅಂಗಡಿಯಲ್ಲಿ ಮಾತ್ರ ಎಂಬ ಸುದ್ದಿ ಬಂದಿತ್ತು. ರೇಗಾಟವಾಗಿ ಹಣ ಹಿಂದಿರುಗಿಸುವ ಮಾತಿನವರೆಗೂ ಹೋಯಿತು. ಆಟ ಮುಗಿದರೂ ಕತೆ ಮುಗಿಯಲಿಲ್ಲ. ಸುಜುಕಿಯವರನ್ನು ನಾನು ದೂರುತ್ತಿಲ್ಲ. ಇದ್ದ ಹಣದಲ್ಲಿ, ಹಳೆಯ ನಿಧಾನವನ್ನೂ ಸಣ್ಣ ವಿವರಗಳ ಮೇಲಿನ ಪ್ರೀತಿಯನ್ನೂ ಬಿಡದೆ ಅವರು ಪ್ರಾಮಾಣಿಕವಾಗಿ ದುಡಿದಿದ್ದಾರೆ. ಮೂಗಿಗೆ ತುಪ್ಪ ಸವರಿದ್ದು ವೇದಿಕೆ.

ಇಲ್ಲಿ ವಿಮರ್ಶಕರ ಒಂದು ಗುಂಪು ಕೈಯೆತ್ತುತ್ತದೆ. ಅವರ ವಾದ ಸರಳ: ಮೂರೂ ಆಟಗಳು ಬಂದವಲ್ಲ? 'ಲಾಸ್ಟ್ ಗಾರ್ಡಿಯನ್' 2016ರಲ್ಲಿ, 'ಶೆನ್ಮೂ 3' 2019ರಲ್ಲಿ, 'ಫೈನಲ್ ಫ್ಯಾಂಟಸಿ 7 ರಿಮೇಕ್' 2020ರಲ್ಲಿ. ಕೊಟ್ಟ ಮಾತು ಉಳಿಸಿಕೊಂಡವರನ್ನು ಬೈಯುವುದೇಕೆ? ಈ ವಾದ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಕೊಟ್ಟ ಮಾತು ಏನಿತ್ತೆಂದು ಇವರು ಕೇಳಿಕೊಳ್ಳುವುದೇ ಇಲ್ಲ. 2020ರಲ್ಲಿ ಬಂದದ್ದು ಮಿಡ್‌ಗಾರ್ ನಗರದ ಕತೆ ಮಾತ್ರ. ಆಟವನ್ನು ಹಲವು ಭಾಗಗಳಾಗಿ ಕೊಡುತ್ತೇವೆಂದು ಹೇಳಿದ್ದು 2015ರ ಡಿಸೆಂಬರ್‌ನಲ್ಲಿ, ಜೂನ್‌ನ ಚಪ್ಪಾಳೆ ಎಣಿಸಿಯಾದ ಮೇಲೆ. 2017ರಲ್ಲಿ ಕೆಲಸವನ್ನು ಹೊರಗಿನ ಸ್ಟುಡಿಯೊದಿಂದ ಆಟದ ಒಡೆಯ ಕಂಪನಿಯೊಳಕ್ಕೆ ಎಳೆದುಕೊಂಡರು. ಎರಡನೆಯ ಭಾಗಕ್ಕೆ 2024ರವರೆಗೆ ಕಾಯಬೇಕಾಯಿತು. ಬಂದ ಆಟಗಳು ಚೆನ್ನಾಗಿವೆ. ಎರಡನೆಯದು ನನಗೆ ಬಹಳ ಇಷ್ಟ. ಆದರೆ ಒಂಬತ್ತು ವರ್ಷಗಳ ನಂತರದ ಒಳ್ಳೆಯ ಕೆಲಸದ ಪುಣ್ಯವನ್ನು, ಆ ಕೆಲಸದ ಬಗ್ಗೆ ಏನೂ ತಿಳಿಸದ ಎರಡು ನಿಮಿಷಗಳ ಚಿತ್ರಕ್ಕೆ ಸಲ್ಲಿಸುವುದು ಯಾವ ನ್ಯಾಯ?

ಇನ್ನೊಂದು ಗುಂಪಿನ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚು. ಪ್ರತಿ ಜೂನ್‌ನಲ್ಲಿ 'ಈ ಸಲ ಗೆದ್ದವರು ಯಾರು' ಎಂದು ಅಂಕ ಹಾಕಿ ಬರೆಯುವವರು ಇವರು. ಕಂಪನಿಗಳ ಜಾಹೀರಾತಿನ ನಡುವೆ ಪಂದ್ಯವನ್ನು ಕಲ್ಪಿಸಿಕೊಂಡದ್ದೇ ಈ ಬರಹದ ದೊಡ್ಡ ಅಪಚಾರ. ಪಂದ್ಯವೆಂದ ಮೇಲೆ ಗೆಲುವಿಗೆ ಬೇಕಾದದ್ದು ಅಚ್ಚರಿ. ಅಚ್ಚರಿಗೆ ಬೇಕಾದದ್ದು ಹೆಸರು. ಹೆಸರಿಗೆ ಆಟ ಬೇಕಿಲ್ಲ. ಅದೇ 2015ರ ಇ3ಯಲ್ಲಿ ಬೆಥೆಸ್ಡಾ ಕಂಪನಿ ತನ್ನ 'ಫಾಲ್‌ಔಟ್ 4' ಅನ್ನು ವಿವರವಾಗಿ ತೋರಿಸಿ, ಅದೇ ವರ್ಷದ ನವೆಂಬರ್ 10ರಂದು ಅಂಗಡಿಗೆ ತಂದಿತು. ಐದು ತಿಂಗಳೊಳಗೆ ಪರೀಕ್ಷೆಗೆ ಒಳಗಾಗುವ ಮಾತನ್ನಾಡಲು ಒಂದು ಧೈರ್ಯ ಬೇಕು. ಶ್ರೇಷ್ಠತೆಯ ಮಾತು ಬಂದಾಗ ಆ ಧೈರ್ಯ ಲೆಕ್ಕಕ್ಕೇ ಬರುವುದಿಲ್ಲ.

ಇ3 ಜನರ ಜಾತ್ರೆಯಾಗಿತ್ತೆಂದು ಹಲುಬುವವರಿಗೂ ಒಂದು ಮಾತು. 2017ರಲ್ಲಿ 15,000 ಟಿಕೆಟ್ ಮಾರುವವರೆಗೂ ಅದು ವ್ಯಾಪಾರಸ್ಥರ, ಪತ್ರಕರ್ತರ ಮೇಳ. ಆಟ ಮಾಡಿದವರಲ್ಲೂ ಅಲ್ಲಿ ಹೆಸರು ಕೇಳಿಬರುತ್ತಿದ್ದುದು ಕೆಲವರದ್ದು ಮಾತ್ರ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್‌ನ ಕಲಾವಿದರು ಮೈಕ್ರೋಸಾಫ್ಟಿನ 'ಫೋರ್ಜಾ' ಸರಣಿಯ ಕಾರುಗಳಿಗೆ ರೂಪ ಕೊಟ್ಟವರು. ವರ್ಷವರ್ಷ ವೇದಿಕೆಯ ಮೇಲೆ ಮಿರುಗಿದ ಆ ಸರಣಿಯ ಹಿಂದೆ ಇಲ್ಲಿಯ ದುಡಿಮೆಯೂ ಇತ್ತೆಂದು ಇಲ್ಲಿಯ ಆಟಗಾರರಿಗೇ ಸರಿಯಾಗಿ ತಿಳಿಯಲಿಲ್ಲ.

ಹಾಗೆಂದು 2015ರ ಸಂಜೆಯಲ್ಲಿ ಒಳ್ಳೆಯದೇನೂ ಇರಲಿಲ್ಲವೆಂದಲ್ಲ. 'ಹೊರೈಜನ್ ಜೀರೊ ಡಾನ್' ಹೊಚ್ಚ ಹೊಸ ಆಟ. ಅದನ್ನು ಆಡುವ ಬಗೆಯನ್ನೇ ತೋರಿಸಿದರು. ನನಗೆ ಅಂದು ಅತ್ಯಂತ ಪ್ರಿಯವಾದ ಗಳಿಗೆ ಮಾತ್ರ ಯಾರೂ ಯೋಜಿಸಿರದಿದ್ದದ್ದು. ಕೊನೆಯ ಆಟ 'ಅನ್‌ಚಾರ್ಟೆಡ್ 4'. ನಾಯಕ ಡ್ರೇಕ್ ಸಂತೆಯ ಜನರ ನಡುವೆ ಬಂದು ನಿಂತ. ನಿಂತೇ ಇದ್ದ. ಕಂಟ್ರೋಲರ್ ಕೆಲಸ ಮಾಡುತ್ತಿರಲಿಲ್ಲ. ಪರದೆ ಕಪ್ಪಾಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಅದನ್ನು ಮುಜುಗರವೆಂದು ಎಲ್ಲರೂ ಬರೆದರು. ಆದರೆ ಇದು ನಿಜವಾದ ಆಟ, ಇದರ ಹಿಂದೆ ಯಾರದೋ ಬೆರಳುಗಳಿವೆ ಎಂದು ಅಷ್ಟು ಖಚಿತವಾಗಿ ಹೇಳಿದ ಇನ್ನೊಂದು ಕ್ಷಣ ಅಂದು ಇರಲಿಲ್ಲ. ತಪ್ಪಲು ಸಾಧ್ಯವಿರುವ ಪ್ರದರ್ಶನಕ್ಕೆ ಮಾತ್ರ ಸಾಕ್ಷಿಯ ಬೆಲೆಯಿದೆ.

ಈ ಗುಣ ಸಾಧಿಸಿದ ಪ್ರದರ್ಶನವನ್ನು ಹುಡುಕಿದರೆ ನನಗೆ ಸಿಗುವುದು 2016ರ ನಿಂಟೆಂಡೊ. 2013ರಲ್ಲೇ ಅದು ಇ3ಯ ದೊಡ್ಡ ವೇದಿಕೆಯನ್ನು ಬಿಟ್ಟಿತ್ತು. 2014ರಿಂದ ಟ್ರೀಹೌಸ್ ಲೈವ್ ಎಂಬ ನೇರಪ್ರಸಾರ ನಡೆಸುತ್ತಿತ್ತು: ಸೋಫಾ, ಮೈಕು, ಆಟ ಆಡುತ್ತ ಮಾತಾಡುವ ನಾಲ್ಕು ಜನ. 2016ರಲ್ಲಿ ಅಲ್ಲಿ ಗಂಟೆಗಟ್ಟಲೆ ತೋರಿಸಿದ್ದು 'ಬ್ರೆತ್ ಆಫ್ ದಿ ವೈಲ್ಡ್' ಎಂಬ ಜೆಲ್ಡಾ ಆಟದ ಆರಂಭದ ಪ್ರಸ್ಥಭೂಮಿಯನ್ನು. ಆಡುತ್ತಿದ್ದವರು ಮರ ಕಡಿದು ಕಂದಕಕ್ಕೆ ಅಡ್ಡ ಕೆಡವಿ ದಾಟಿದರು, ಹುಲ್ಲಿಗೆ ಬೆಂಕಿ ಹಚ್ಚಿ ಏನಾಗುತ್ತದೆಂದು ನೋಡಿದರು, ಹತ್ತುವಾಗ ಸುಸ್ತಾಗಿ ಜಾರಿಬಿದ್ದರು. ಗುರಿಯಿಲ್ಲದೆ ಅಲೆದರು. ನೋಡುತ್ತ ಕೂತವರಿಗೆ ಆ ಆಟದ ಒಳಗುಟ್ಟು, ಅದರ ಸ್ವಾತಂತ್ರ್ಯ, ಬೇಸರ ಬರಬಹುದಾದ ಜಾಗಗಳು ಎಲ್ಲವೂ ತಿಳಿದವು. ಇದೇ ಆಟವನ್ನು 2014ರಲ್ಲಿ ತೋರಿಸಿ, 2015ಕ್ಕೆ ಬರುತ್ತದೆಂದು ಹೇಳಿ ತಪ್ಪಿದ್ದೂ ನಿಂಟೆಂಡೊವೇ, ಅದನ್ನು ಮರೆಯಬೇಕಿಲ್ಲ. ಆದರೆ 2017ರ ಮಾರ್ಚ್ 3ರಂದು ಆಟ ಕೈಗೆ ಬಂದಾಗ ಅದು ಜೂನ್‌ನಲ್ಲಿ ನೋಡಿದ ಆಟವೇ ಆಗಿತ್ತು. ಆ ಪ್ರಸಾರದಲ್ಲಿ ಕೂಗುವ ಸಭೆಯಿರಲಿಲ್ಲ. ಶ್ರೇಷ್ಠ ಪ್ರದರ್ಶನಗಳ ಪಟ್ಟಿಯಲ್ಲಿ ಅದರ ಹೆಸರು ಅಪರೂಪ.

ಇ3ಯನ್ನು ಶಾಶ್ವತವಾಗಿ ಮುಚ್ಚಿದ್ದೇವೆಂಬ ಪ್ರಕಟಣೆ ಹೊರಬಿದ್ದದ್ದು 2023ರ ಡಿಸೆಂಬರ್ 12ರಂದು. ಸೋನಿ 2019ರಲ್ಲೇ ಅತ್ತ ಹೋಗುವುದನ್ನು ಬಿಟ್ಟಿತ್ತು. ಈಗ ಆ ಜಾಗದಲ್ಲಿ ಜೆಫ್ ಕೀಲಿ ನಡೆಸುವ ಸಮ್ಮರ್ ಗೇಮ್ ಫೆಸ್ಟ್ ಇದೆ. ಅಲ್ಲಿ ಒಂದು ನಿಮಿಷದ ಟ್ರೇಲರಿಗೆ ಎರಡೂವರೆ ಲಕ್ಷ ಡಾಲರ್ ಕೊಡಬೇಕೆಂದು 2024ರಲ್ಲಿ ವರದಿಯಾಯಿತು. ನಿಮಿಷಕ್ಕೆ ಅಷ್ಟು ತೆರುವ ಕಡೆ ಒಬ್ಬ ಆಟಗಾರ ಅರ್ಧ ಗಂಟೆ ಸುಮ್ಮನೆ ಅಲೆಯುವುದನ್ನು ತೋರಿಸಲು ಯಾರಿಗೂ ಸಾಧ್ಯವಿಲ್ಲ. ಉಳಿಯುವುದು ಹೆಸರು, ಸಂಗೀತದ ಒಂದು ಎಳೆ, ಗುರುತಿನ ಕತ್ತಿ. ಮುಂದಿನ ಜೂನ್‌ನಲ್ಲಿ ಅಂಕ ಹಾಕಲು ಕೂರುವವರು ಮೊದಲು ಒಂದು ಅಂಕಿ ಬರೆದುಕೊಳ್ಳಲಿ: ತೋರಿಸಿದ ಅಷ್ಟೂ ಹೊತ್ತಿನಲ್ಲಿ, ಯಾರಾದರೂ ಕಂಟ್ರೋಲರ್ ಹಿಡಿದು ಆಡುತ್ತಿದ್ದ ನಿಮಿಷಗಳೆಷ್ಟು?